ಅಣ್ಣನ ಕೈಯ ಗ್ರೀಸು

ಪೇಡೆಗೆ ಉಪ್ಪು ಹಚ್ಚಿಕೊಂಡು ತಿನ್ನುವ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವನು ನನ್ನ ಒಡಹುಟ್ಟಿದ ಅಣ್ಣ! ಗೋಕುಲ ರಸ್ತೆಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಮನೆಯಲ್ಲಿ ನಾವಿಬ್ಬರೇ. ಅವನು ಮದುವೆಯಾಗಲಿಲ್ಲ, ನಾನು ಗಂಡನನ್ನು ಕಳೆದುಕೊಂಡು ಬಂದವಳು.

ಮಜ್ಜಿಗೆಗೆ ಉಪ್ಪು ಸರಿ, ಚಹಾಕ್ಕೂ ಉಪ್ಪು!

"ಅಣ್ಣಾ, ಸಮುದ್ರಾನ ತಂದು ಕೊಡ್ಲೇನು?"

"ತಂಬಿಗ್ಯಾಗ ತಾ. ಕೊಡದಾಗ ತಂದ್ರ ಭಾಳ ಆಕ್ಕೈತಿ."

ಬಿ.ಪಿ. ಬಂದೀತೆಂದು ಉಪ್ಪಿನ ಡಬ್ಬಿ ಬಚ್ಚಿಟ್ಟೆ. ಮಹಾರಾಯ ಉಪ್ಪಿನಕಾಯಿಯ ರಸವನ್ನೇ ಕುಡಿದುಬಿಟ್ಟ!

ಆಮೇಲೆ ಅವನ ಅಂಗೈ ಗೆರೆಗಳು, ಬೆರಳ ಗೆಣ್ಣುಗಳು ಕಪ್ಪಾಗತೊಡಗಿದವು. ಗ್ಯಾರೇಜಿನವನ ಕೈ, ಗ್ರೀಸಲ್ಲದೆ ಇನ್ನೇನು? ಪೆಟ್ರೋಲು, ಸಾಬೂನು, ತೆಂಗಿನ ನಾರು, ಎಲ್ಲ ಕೊಟ್ಟೆ.

"ಉಜ್ಜಿ ಉಜ್ಜಿ ತೊಗಲು ಕಿತ್ತು ಬಂತು ತಂಗೆವ್ವ, ಬಣ್ಣ ಹೋಗವಲ್ದು."

"ಹಂಗಾರ ಕಂಪನಿ ಪೇಂಟ್ ಇರಬೇಕು!"

ಇಷ್ಟು ಹೊತ್ತು ನಗಿಸಿದ್ದು, ಮುಂದಿನ ಮಾತು ಹೇಳಲು ಧೈರ್ಯವಿಲ್ಲದೆ. ಒಂದು ದಿನ ನಾನೇ ಅಂದೆ: "ನಿನ್ನ ಕೈ ನೋಡಿದ್ರ ರೊಟ್ಟಿ ಗಂಟಲದಾಗ ಇಳಿಯಂಗಿಲ್ಲ. ಹಿತ್ತಲದಾಗ ಕುಂತು ಉಣ್ಣು." ಅವನು ತಟ್ಟೆ ಹಿಡಿದು ಹೋದ. ಮರುದಿನ ಹೇಳಬೇಕಾಗಲೇ ಇಲ್ಲ.

ಒಂದು ಬೆಳಿಗ್ಗೆ ಅಣ್ಣ ಬಿದ್ದನೆಂದು ಗ್ಯಾರೇಜಿನ ಮಾಲೀಕರ ಫೋನು. ಓಡಿದೆ.

"ಗಾಡಿ ಕೆಳಗ ಇದ್ನೇನ್ರಿ?"

"ಎಲ್ಲಿ ಗಾಡಿ ಅಕ್ಕಾರ! ನಟ್ಟು ಬಿಚ್ಚೋ ಪಾನಾ ಎತ್ತಾಕ ಆಗವಲ್ದಂತ ಎರಡು ತಿಂಗಳಿಂದ ಫೋನ್ ಎತ್ತಾಕ ಕುಂದ್ರಿಸೇನಿ. ಗ್ರೀಸ್ ಮುಟ್ಟೇ ಇಲ್ಲ ಅಂವ."

ಆಸ್ಪತ್ರೆಯಲ್ಲಿ ಡಾಕ್ಟರು ಉಪ್ಪಿನ ಕತೆ ಕೇಳಿ, ರಕ್ತ ಪರೀಕ್ಷೆ ಮಾಡಿಸಿ, ಅವನ ಅಂಗೈ ಬಿಡಿಸಿ ನೋಡಿದರು. "ಇದು ಹೊಲಸಲ್ಲ ತಾಯಿ. ಕಿಡ್ನಿ ಮ್ಯಾಲಿನ ಗ್ರಂಥಿ ಕೆಲಸ ಬಿಟ್ಟಾವು, ಭಾಳ ಅಪರೂಪದ ರೋಗ. ಅದಕ್ಕ ಗೆರಿ ಕಪ್ಪಾಗ್ಯಾವು. ಉಪ್ಪು ಕೇಳಿದ್ದು ನಾಲಿಗಿ ಅಲ್ಲ, ಜೀವ."

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವಳು. ಆದರೆ ಅಣ್ಣನ ಕೈಯನ್ನು ಕೈಯಲ್ಲಿ ಹಿಡಿದು ನೋಡಲು ಎಷ್ಟು ಓದಿರಬೇಕಿತ್ತು?

ಮಾತ್ರೆಗಳಿಂದ ಅಣ್ಣ ಚೇತರಿಸಿಕೊಂಡ. ಮತ್ತೆ ಪಾನಾ ಹಿಡಿದ. ಊಟದ ಹೊತ್ತಿಗೆ ಮಾತ್ರ ಈಗಲೂ ಹಿತ್ತಲಿಗೇ ಹೋಗುತ್ತಾನೆ. ಸಿಟ್ಟಿಲ್ಲ, ಸೆಡವಿಲ್ಲ, ರೂಢಿ. ಒಳಗೆ ನಾನೊಬ್ಬಳು, ಹೊರಗೆ ಅವನೊಬ್ಬ.

ನಿನ್ನೆ ನನ್ನ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದೆ. ತಪ್ಪಾಯಿತು ಎನ್ನಬೇಕೆಂದು ಪಕ್ಕದಲ್ಲಿ ಕುಳಿತೆ. ಅಣ್ಣ ಗಾಬರಿಯಿಂದ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಕೇಳಿದ:

"ಯಾಕ ತಂಗೆವ್ವ, ನೀನೂ ಹೊರಗ? ಒಳಗ ಯಾರರ ಬಂದಾರೇನು?"