ಅಲರ್ಟ್ ಹಾಕಿ ಕೂತವರು

ಅಲರ್ಟ್ ಹಾಕಿಕೊಡುವ ಕೆಲಸಕ್ಕೆ ಕೈಯಿಟ್ಟ ಮೇಲೆ ಏನಾದರೊಂದು ಫಜೀತಿ ನಡೆಯದ ವಾರವೇ ಇಲ್ಲ ನನಗೆ.

ನಾನು ಗುಂಡ್ಲುಪೇಟೆಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಮನೆ ಚಾಮರಾಜನಗರದಲ್ಲಿ. ಬೆಳಿಗ್ಗೆ ಬಸ್ಸಿಗೆ ಹೊರಟಾಗ ಮೂರು ವರ್ಷದ ಮಗಳು ಇನ್ನೂ ಎದ್ದಿರುವುದಿಲ್ಲ, ವಾಪಸ್ ಬಂದಾಗ ಅವಳಿಗೆ ಉಂಡು ಮಲಗುವ ಹೊತ್ತು. ನನ್ನನ್ನು ಭಾನುವಾರದ ನೆಂಟ ಅಂದುಕೊಂಡುಬಿಟ್ಟಾಳು ಅಂತ ನಿಜಕ್ಕೂ ಹೆದರಿಕೆಯಾಗಿತ್ತು. ಇದಕ್ಕೆ ಪರಿಹಾರ ಪರಸ್ಪರ ವರ್ಗಾವಣೆ. ಅಂದರೆ, ಚಾಮರಾಜನಗರ ಬಿಟ್ಟು ಗುಂಡ್ಲುಪೇಟೆಗೆ ಬರಲು ಒಪ್ಪುವ, ನನ್ನದೇ ದರ್ಜೆಯ ಇನ್ನೊಬ್ಬ ಗುಮಾಸ್ತ ಸಿಗಬೇಕು. ಹೀಗೆ ಜೋಡಿ ಹುಡುಕುವ ನೌಕರರದ್ದೇ ಒಂದು ಆನ್‌ಲೈನ್ ಫೋರಂ ಇದೆ. ಅಲ್ಲಿ ಯಾರಾದರೂ ‘ಗುಂಡ್ಲುಪೇಟೆ ಬೇಕು’ ಅಂತ ಪೋಸ್ಟ್ ಹಾಕಿದ ತಕ್ಷಣ ನನ್ನ ಫೋನು ಕೂಗುವ ಹಾಗೆ ಅಲರ್ಟ್ ಇಟ್ಟೆ. ತಿಂಗಳೊಳಗೆ ಊರಿಗೆ ಬರ್ತೀನಿ ಅಂತ ಮನೆಯಲ್ಲಿ ಹೇಳಿಯೂ ಬಿಟ್ಟೆ. ಸುದ್ದಿ ಹರಡಿ, ನಮಗೂ ಅಲರ್ಟ್ ಹಾಕಿಕೊಡಿ ಅಂತ ಜನ ಬರತೊಡಗಿದರು.

೧. ಹರವೆಯ ಇನ್ನೊಬ್ಬ ರೈತ

ನಮ್ಮ ಕಚೇರಿಯ ಅಟೆಂಡರಿಗೆ ಹರವೆಯಲ್ಲಿ ಒಂದೆಕರೆ ಅರಿಶಿನ. ಬೆಳೆಗಾರರ ಫೋರಮ್ಮಿಗೆ ಅವನನ್ನು ‘ಹರವೆ ರೈತ’ ಅನ್ನೋ ಹೆಸರಿನಲ್ಲಿ ಸೇರಿಸಿ, ಅರಿಶಿನದ ಬಗ್ಗೆ ಯಾರು ಬರೆದರೂ ತಿಳಿಯುವಂತೆ ಮಾಡಿಕೊಟ್ಟೆ. ನಾಲ್ಕು ದಿನ ಬಿಟ್ಟು ಸಪ್ಪೆ ಮುಖ ಮಾಡಿಕೊಂಡು ಬಂದ.

“ಸಾ, ನನ್ನಂಗೇ ಇನ್ನೊಬ್ಬನ ಅರಿಸ್ನಾನೂ ಒಣಗ್ತಾ ಅದೆ ಕಣ್ಸಾ. ಫೋನು ಕೂಗ್ತು, ಓದ್ದೆ, ಪಾಪ ಅನ್ನುಸ್ತು. ಎದ್ರುಕಬೇಡ ಕಣಪ್ಪಾ, ನಂದೂ ಇಂಗೇ ಆಗದೆ ಅಂತ ಬರ್ದೆ. ಅವ್ನೂ ಹರವೆಯವ್ನೇ ಅಂತೆ. ಊರೆಲ್ಲಾ ಇಚಾರುಸ್ದೆ, ಒಬ್ರೂ ಒಪ್ಕತಾ ಇಲ್ಲ.”

ಫೋನ್ ಇಸ್ಕೊಂಡು ನೋಡಿದೆ. ಪ್ರಶ್ನೆ ಕೇಳಿದ್ದು ‘ಹರವೆ ರೈತ’, ಸಮಾಧಾನ ಹೇಳಿದ್ದೂ ‘ಹರವೆ ರೈತ’. ಅರಿಶಿನ ಒಣಗುತ್ತಿದೆ ಅಂತ ಇವನೇ ಹಾಕಿದ ಪ್ರಶ್ನೆಯನ್ನು ಅಲರ್ಟು ಇವನಿಗೇ ತಂದುಕೊಟ್ಟಿತ್ತು. ಹಾಗಂತ ಬಿಡಿಸಿ ಹೇಳಿದೆ.

ಅವನು ಫೋನ್ ವಾಪಸ್ ಇಸ್ಕೊಂಡು ಜೇಬಿಗೆ ಹಾಕಿಕೊಂಡ. “ಅದ್ಕೇ ಸಾ, ಓದ್ತಿದ್ದಂಗೇ ಅನ್ಕಂಡೆ, ಯಾರೋ ಬೇಸಾಯ ಗೊತ್ತಿರೋನೇ ಬರ್ದವ್ನೆ ಅಂತ.”

೨. ಮಿಷನ್ನು

ಮಧ್ಯಾಹ್ನ ನಾನು ಊಟ ಮಾಡುವುದು ಹೆದ್ದಾರಿ ಪಕ್ಕದ ಒಂದು ಹೋಟೆಲಿನಲ್ಲಿ. ಅದರ ಮಾಲೀಕರಿಗೆ ಪ್ರವಾಸಿಗರ ಫೋರಂ ಮೇಲೆ ಕಣ್ಣು. ಬಂಡೀಪುರದ ಕಡೆ ಹೊರಟವರು ‘ಎಲ್ಲಿ ತಿಂಡಿ ಚೆನ್ನಾಗಿರುತ್ತೆ’ ಅಂತ ಕೇಳಿದ ಕೂಡಲೇ ತಿಳಿಯಬೇಕು ಅಂದರು. ಅಲರ್ಟ್ ಹಾಕಿಕೊಟ್ಟೆ. ಇವರೋ, ಯಾರು ಕೇಳಿದರೂ ನಿಮಿಷ ತುಂಬುವುದರೊಳಗೆ ಒಂದೇ ಉತ್ತರ ಹಾಕುತ್ತಿದ್ದರು: ‘ಬನ್ನಿ, ಬಿಸಿ ದೋಸೆ ಇದೆ.’ ವಾರದಲ್ಲಿ ಫೋರಂ ನಡೆಸುವವರು ಇವರನ್ನು ಹೊರಗೆ ಹಾಕಿದರು. ಇಷ್ಟು ಬೇಗ ಉತ್ತರ ಕೊಡುವುದು ಮನುಷ್ಯರ ಕೈಲಿ ಸಾಧ್ಯವಿಲ್ಲ, ಇದು ಯಾವುದೋ ಯಂತ್ರ ಅನ್ನೋದು ಅವರ ವಾದ.

ಮಾಲೀಕರು ಒಲೆ ಮುಂದೆ ನಿಂತು ಫೋಟೋ ತೆಗೆಸಿ ಕಳಿಸಿದರು. ಅದಕ್ಕೂ ಒಪ್ಪಲಿಲ್ಲ.

“ನನ್ನೇ ಮಿಷನ್ನು ಅಂತವ್ರೆ ಸಾ,” ಅಂತ ನನ್ನ ಎಲೆಗೆ ಸಾರು ಬಡಿಸುತ್ತಾ ಹೇಳಿದರು. “ಇದ್ನ ಒಸಿ ನಮ್ಮನೆಯವ್ರಿಗೆ ಏಳ್ಬುಡಿ. ಮೂವತ್ತು ವರ್ಸದಿಂದ ಸೋಂಬೇರಿ ಅಂತಾನೇ ಅಂತಾ ಅವ್ರೆ.”

೩. ಒಂದೇ ಸೀಟು

ಊರವರ ಫೋನೆಲ್ಲ ಕೂಗುತ್ತಿದ್ದರೂ ನನ್ನದು ಮಾತ್ರ ಏಳು ತಿಂಗಳು ತುಟಿ ಬಿಚ್ಚಲಿಲ್ಲ. ನೀವೇ ಒಂದು ಪೋಸ್ಟ್ ಹಾಕಬಾರದಾ ಅಂದಳು ಹೆಂಡತಿ. ಅದು ಅವಳಿಗೆ ತಿಳಿಯದ ವಿಷಯ. ಪರಸ್ಪರ ವರ್ಗಾವಣೆಯಲ್ಲಿ ಮೊದಲು ಬಾಯಿಬಿಟ್ಟವನೇ ಕಾಫಿ ಕೊಡಿಸಬೇಕು, ಅವನೇ ಫೈಲಿನ ಹಿಂದೆ ಅಲೆಯಬೇಕು. ಎದುರಿನವನೇ ಬರಲಿ ಅಂತ ನಾನು ಬಿಗುಮಾನದಲ್ಲಿ ಕೂತಿದ್ದೆ.

ಒಂದು ದಿನ ಬಸ್ಸು ಗುಂಡ್ಲುಪೇಟೆ ತಲುಪಿದಾಗ ಕಂಡಕ್ಟರು ಕೇಳಿದರು: “ದಿನಾ ಫೋನ್ ನೋಡ್ಕಂಡು ಯಾಕ್ ಸಾ ಇಂಗೆ ನಿಟ್ಟುಸ್ರು ಬುಡ್ತೀರಿ?”

ಹೇಳಿದೆ.

“ಅಯ್ಯೋ, ಬಸ್ಸು ವಾಪಸ್ ಓಗೋವಾಗ ನೀವು ಎದ್ದ ಸೀಟಲ್ಲೇ ಇನ್ನೊಬ್ರು ಗುಮಾಸ್ತರು ಕೂತ್ಕತಾರಲ್ಲ ಸಾ. ಮನೆ ಇಲ್ಲಿ, ಆಪೀಸು ಚಾಮ್ರಾಜ್ನಗರ್ದಲ್ಲಿ. ಅವ್ರೂ ಫೋನ್ ನೋಡ್ಕಂಡು ಇಂಗೇ ನಿಟ್ಟುಸ್ರು ಬುಡ್ತರೆ.”

ನಾನು ಸೀಟು ಬಿಟ್ಟೇಳಲಿಲ್ಲ. ಆ ಮನುಷ್ಯ ಬಂದರು. ನನ್ನದೇ ದರ್ಜೆ. ‘ಚಾಮರಾಜನಗರ ಬೇಕು’ ಅಂತ ಯಾರಾದರೂ ಬರೆಯಲಿ ಅಂತ ಎಂಟು ತಿಂಗಳಿಂದ ಅದೇ ಫೋರಮ್ಮಿನಲ್ಲಿ ಅಲರ್ಟ್ ಹಾಕಿ ಕೂತಿದ್ದರಂತೆ.

“ನೀವೇ ಒಂದು ಪೋಸ್ಟ್ ಹಾಕ್ಬೋದಿತ್ತಲ್ಲ ಸಾರ್?” ಅಂದೆ.

“ಹಾಕ್ಬೋದಿತ್ತು. ಆಮೇಲೆ ಕಾಫಿ ಯಾರು ಕೊಡ್ಸೋದು?” ಅಂದರು.

ಕಾಫಿಯನ್ನು ಇಬ್ಬರೂ ಸೇರಿ ಕಂಡಕ್ಟರಿಗೆ ಕೊಡಿಸಿದೆವು. ಅರ್ಜಿ ಹಾಕಿದೆವು, ಆದೇಶವೂ ಬಂತು. ಈಗ ಮಧ್ಯಾಹ್ನ ಮನೆಗೇ ಬಂದು ಮಗಳ ಜೊತೆ ಉಣ್ಣುತ್ತೇನೆ. ಅವಳು ನನ್ನ ತಟ್ಟೆಯಿಂದಲೇ ತಿನ್ನುತ್ತಾಳೆ, ನನಗೆ ಅಷ್ಟು ಸಾಕು.

ಆ ಖುಷಿಯಲ್ಲಿ ಫೋರಮ್ಮಿನಲ್ಲಿ ಮೊದಲ ಸಲ ಒಂದು ಪೋಸ್ಟ್ ಹಾಕಿದೆ: ‘ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ವರ್ಗಾವಣೆ ಆಯಿತು. ನಮ್ಮನ್ನು ಸೇರಿಸಿದ ಬಸ್ ಕಂಡಕ್ಟರಿಗೆ ವಂದನೆ.’ ತಿಂಗಳುಗಟ್ಟಲೆ ಉಸಿರೆತ್ತದ ಆ ಜಾಗದಲ್ಲಿ ಐದೇ ನಿಮಿಷಕ್ಕೆ ಬೀದರಿನಿಂದ, ಕಾರವಾರದಿಂದ, ಕೋಲಾರದಿಂದ ಉತ್ತರದ ಮೇಲೆ ಉತ್ತರ. ಎಲ್ಲರೂ ಅಲರ್ಟ್ ಹಾಕಿಕೊಂಡು ಕೂತವರೇ. ತಮಗೆ ಯಾವ ಊರು ಬೇಕು ಅಂತ ಆಗಲೂ ಒಬ್ಬರೂ ಬರೆಯಲಿಲ್ಲ. ಎಲ್ಲರೂ ಕೇಳಿದ್ದು ಒಂದೇ: “ಸರ್, ಆ ಕಂಡಕ್ಟರ್ ನಂಬರ್ ಕಳಿಸಿ.”