ಬಿದ್ದ ಶೆಡ್ಡಿನ ಕಾವಲು

“ನಿನ್ನ ಶೆಡ್ಡು ಮಲಗಿಬುಡ್ತು ಕಣಪ್ಪ, ಎದ್ದು ಬಾ!”

ಪುಟ್ಟಗೌರಮ್ಮ ಬೀದಿಯಿಂದಲೇ ಕೂಗಿದಾಗ ವೆಲ್ಡರ್ ಲಿಯಾಕತ್ ಅಲಿ ಟೀಗೆ ಬನ್ನು ಅದ್ದುತ್ತಿದ್ದ. ಬನ್ನು ಲೋಟದಲ್ಲೇ ಉಳಿಯಿತು, ಅವನು ಬೀದಿಯಲ್ಲಿದ್ದ.

ತಿಪಟೂರಿನ ಕೊಬ್ಬರಿ ವ್ಯಾಪಾರಿ ಮಲ್ಲಿಕಾರ್ಜುನಯ್ಯನವರ ಅಂಗಳದಲ್ಲಿ ಅವನೇ ಕಟ್ಟಿಕೊಟ್ಟಿದ್ದ ತಗಡಿನ ಶೆಡ್ಡು, ಮಗ್ಗುಲಾಗಿ ಮಲಗಿದ ಎಮ್ಮೆಯಂತೆ ನಾಲ್ಕು ಕಾಲೂ ಚಾಚಿ ನೆಲ ಹಿಡಿದಿತ್ತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ.

“ವೆಲ್ಡಿಂಗ್ ಬಿಟ್ಟೈತೆ,” ಎಂದರು ಮಲ್ಲಿಕಾರ್ಜುನಯ್ಯ.

“ನಂದಾ? ಸಾಧ್ಯನೇ ಇಲ್ಲ ಸಾವ್ಕಾರ್ರೇ!”

“ಅದನ್ನ ನೀನೂ ಹೇಳ್ಬೇಡ, ನಾನೂ ಹೇಳಲ್ಲ. ಬಿದ್ದದ್ದು ಯಾಕೆ ಬಿತ್ತು ಅಂತ ಹೇಳಕ್ಕೇ ಓದ್ಕಂಡಿರೋ ಎಂಜಿನಿಯರ್ ಒಬ್ರು ಬೆಂಗ್ಳೂರಲ್ಲವ್ರೆ. ಬೂತಿಂದ ಫೋನ್ ಮಾಡಿದೀನಿ, ಮಧ್ಯಾಹ್ನಕ್ಕೆ ಬತ್ತಾರೆ. ಅಲ್ಲೀಗಂಟ ಒಂದು ಕಡ್ಡಿನೂ ಅಲ್ಲಾಡ್ಬಾರ್ದು. ತಪ್ಪು ನಿಂದಾದ್ರೆ ನಾನು ಕಟ್ಟಿಸ್ತಿರೋ ನೊಣವಿನಕೆರೆ ಛತ್ರದ ಶೆಡ್ಡು ಆ ಇನ್ನೊಬ್ಬ ವೆಲ್ಡರ್ ತೋಂಟದಾರ್ಯಂಗೆ.”

ಛತ್ರದ ಊಟದ ಶೆಡ್ಡು! ಅದೊಂದನ್ನು ಕಟ್ಟಿದರೆ ಗುಬ್ಬಿಯಿಂದ ಅರಸೀಕೆರೆವರೆಗೂ ಹೆಸರು. ಆ ಆಸೆಗೆ ಲಿಯಾಕತ್ ಅಂಗಡಿಯ ಬಾಗಿಲೂ ತೆಗೆಯದೆ, ಮೊಟ್ಟೆಗೆ ಜಾಗ ಹುಡುಕುವ ಕೋಳಿಯಂತೆ ಶೆಡ್ಡಿನ ಸುತ್ತ ಸುತ್ತತೊಡಗಿದ.

ಒಂದು ಸುತ್ತು ಮುಗಿಸಿ ಬರುವಷ್ಟರಲ್ಲಿ ಪುಟ್ಟಗೌರಮ್ಮ ಕಸ ಗುಡಿಸಿ, ಸಗಣಿ ನೀರು ಚಿಮುಕಿಸಿ, ಬಿದ್ದ ಕಂಬದ ಪಕ್ಕಕ್ಕೆ ರಂಗೋಲಿ ಎಳೆಯುತ್ತಿದ್ದಳು.

“ಗೌರಕ್ಕಾ, ಮುಟ್ಟಬಾರ್ದಂತೆ!”

“ಸುಮ್ಕಿರಪ್ಪ. ಬೆಂಗ್ಳೂರಿಂದ ಬರೋರು ಈ ಗಲೀಜು ನೋಡಿ ನಮ್ಮ ಬೀದಿ ಬಗ್ಗೆ ಏನಂದ್ಕಂಡಾರು?”

ಅವಳ ಕೈಯಿಂದ ರಂಗೋಲಿ ಬಟ್ಟಲು ಕಿತ್ತುಕೊಳ್ಳುವ ಹೊತ್ತಿಗೆ ಆ ಕಡೆಯಿಂದ ಎರಡು ತಗಡು ನಡೆದುಕೊಂಡು ಹೋಗುತ್ತಿದ್ದವು. ಅಟ್ಟಿಸಿಕೊಂಡು ಹೋಗಿ ಹಿಡಿದರೆ, ತಗಡಿನ ಕೆಳಗೆ ಹಿಂದಿನ ಬೀದಿಯ ಸಿದ್ದಮ್ಮ.

“ಬಿದ್ದಿರೋದಲ್ವೇನಪ್ಪ? ನಮ್ಮ ಮೇಕೆ ಬಿಸ್ಲಲ್ಲಿ ಒಣಗ್ತಾ ಅವೆ.”

ಮೇಕೆಗಳ ಎದುರೇ ನ್ಯಾಯ ನಡೆದು, ಗೆದ್ದ ತಗಡನ್ನು ತಲೆಯ ಮೇಲೆ ಹೊತ್ತು ಲಿಯಾಕತ್ ಏದುಸಿರು ಬಿಡುತ್ತ ವಾಪಸು ಬಂದರೆ, ಇದ್ದಲ್ಲಿ ಶೆಡ್ಡೇ ಇಲ್ಲ!

ಹಮಾಲಿ ಕೆಂಚಯ್ಯನ ದಂಡು ಇಡೀ ಕಬ್ಬಿಣದ ಚೌಕಟ್ಟನ್ನು ಗೋಡೆ ಬದಿಗೆ ಎಳೆದು ಬೆವರು ಒರೆಸಿಕೊಳ್ಳುತ್ತಿತ್ತು.

“ಎಂಜಿನಿಯರ್ ಕಾರು ನಿಲ್ಲಕ್ಕೆ ಜಾಗ ಬ್ಯಾಡ್ವಾ ಭಾಯಿ?”

“ಅಯ್ಯೋ ಕೆಂಚಣ್ಣ, ಅವ್ರು ನೋಡಕ್ಕೆ ಬರ್ತಿರೋದೇ ಅದನ್ನ! ಹೆಂಗಿತ್ತೋ ಹಂಗೇ ಇಡ್ರಪ್ಪ, ನಿಮ್ಮ ದಮ್ಮಯ್ಯ.”

ಹೆಂಗಿತ್ತು ಅನ್ನುವುದರಲ್ಲೇ ಜಗಳ ಹತ್ತಿತು.

“ತಲೆ ದಕ್ಷಿಣಕ್ಕಿತ್ತು ಕಣ್ಲಾ.”

“ದಕ್ಷಿಣಕ್ಕೆ ತಲೆ ಹಾಕಕ್ಕೆ ಅದೇನು ಹೆಣವೇನ್ಲಾ?”

ಪುಟ್ಟಗೌರಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತಳು. “ಬಿದ್ದಿದ್ದನ್ನ ಎತ್ತೋರ್ನ ಬೇಕಾದಷ್ಟು ಕಂಡಿವ್ನಿ. ಹಿಂಗೆ ಅಳತೆ ಹಿಡ್ದು ಬೀಳ್ಸೋರ್ನ ಇವತ್ತೇ ಕಂಡದ್ದು.”

ಎಲ್ಲರ ಕೈಯಲ್ಲೂ ಚೌಕಟ್ಟಿರುವಾಗಲೇ ಎಂಜಿನಿಯರ್ ಜ್ಞಾನೇಶ್ ಬಂದಿಳಿದ. ಚಿಕ್ಕ ವಯಸ್ಸಿನವನು. ಪುಟ್ಟ ಸುತ್ತಿಗೆಯಿಂದ ಒಂದೊಂದೇ ಬೆಸುಗೆಗೆ ತಟ್ಟಿ ಕಿವಿಗೊಟ್ಟ. ಆಮೇಲೆ ಕಂಬ ನಿಂತಿದ್ದ ಗುಂಡಿಗಳ ಬಳಿ ಕುಕ್ಕರಗಾಲಲ್ಲಿ ಕೂತು, ಒಂದರೊಳಕ್ಕೆ ಮೊಣಕೈವರೆಗೂ ತೋಳು ಇಳಿಸಿದ. ಲಿಯಾಕತ್ ಅವನ ಹೆಗಲ ಮೇಲಿಂದ ಗುಂಡಿಯೊಳಕ್ಕೆ ಇಣುಕಿದ.

“ಹೆಗ್ಗಣ,” ಎಂದ ಜ್ಞಾನೇಶ್, ಮಣ್ಣು ಕೊಡವುತ್ತ. “ಕೊಬ್ಬರಿ ಆಸೆಗೆ ಬಂದು ಬಿಲ ತೋಡಿವೆ, ಈ ಮೂಲೆ ಕಂಬ ಕುಸಿದಿದೆ. ವೆಲ್ಡಿಂಗ್ ತಪ್ಪು ಏನೇನೂ ಇಲ್ಲ. ಬಿದ್ದು, ನಿಮ್ಮ ಕೈಲಿ ಇಷ್ಟೆಲ್ಲ ಎಳೆದಾಡಿಸ್ಕೊಂಡ್ರೂ ಒಂದು ಜಾಯಿಂಟೂ ಬಿಟ್ಟಿಲ್ಲ ನೋಡಿ! ಇಂಥ ಕೆಲಸ ನಾನು ಕಂಡಿಲ್ಲ. ಬೇಕಾದ್ರೆ ಬರ್ದೇ ಕೊಡ್ತೀನಿ.”

“ಬರೀರಿ ಸಾರ್, ದಪ್ಪಕ್ಷರದಲ್ಲೇ ಬರೀರಿ!” ಲಿಯಾಕತ್ ಬಾಣಲೆಯ ಪೂರಿಯಂತೆ ಉಬ್ಬಿಹೋದ.

ಮಲ್ಲಿಕಾರ್ಜುನಯ್ಯ ಗದ್ದ ಕೆರೆದುಕೊಂಡರು. “ಕುಸಿದಿದ್ದು ಒಂದು ಕಂಬ ಅಂದ್ರಿ. ಮಿಕ್ಕ ಮೂರು ಯಾಕೆ ಬಿದ್ವು?”

“ಅದೇ ವಿಶೇಷ ನೋಡಿ. ಎಲ್ಲಾದ್ರೂ ಒಂದು ಕಡೆ ಬೆಸುಗೆ ಬಿಟ್ಟಿದ್ರೆ ಆ ಮೂಲೆ ಮಾತ್ರ ಬೀಳ್ತಿತ್ತು. ಬಿಡಲೇ ಇಲ್ವಲ್ಲ, ಮೂರನ್ನೂ ಜೊತೆಗೆ ಎಳ್ಕೊಂಡು ಬಿತ್ತು.”

ಕೆಂಚಯ್ಯನಿಗೆ ಮೊದಲು ಹೊಳೆಯಿತು. “ಅಂದ್ರೆ ಭಾಯಿ ಕೆಲ್ಸ ಕೆಟ್ಟದಾಗಿ ಮಾಡಿದ್ರೆ ಮುಕ್ಕಾಲು ಶೆಡ್ಡು ಉಳೀತಿತ್ತು!”

“ಹಂಗಾದ್ರೆ ಛತ್ರದ್ದು ತೋಂಟದಾರ್ಯಂಗೇ,” ಎಂದು ಮಲ್ಲಿಕಾರ್ಜುನಯ್ಯ ಹೊರಟೇಬಿಟ್ಟರು. “ಅವನು ಹಾಕಿದ ಗೇಟು ತಳ್ಳಿದ್ರೆ ಕೈಗೇ ಬತ್ತದೆ. ಜನ ಕೂತು ಉಣ್ಣೋ ಜಾಗಕ್ಕೆ ಅಂಥೋನೇ ಸರಿ.”

ಲಿಯಾಕತ್ ಅವರ ಹಿಂದೆಯೇ ಓಡಿದ. “ನಿಲ್ರೀ ಸಾವ್ಕಾರ್ರೇ! ನಾನೂ ಬಿಡೋ ಹಂಗೇ ಹಾಕ್ತೀನಿ! ಅಲ್ಲಾನ ಆಣೆ, ಅವನಿಗಿಂತ ಕೆಟ್ಟದಾಗಿ ಹಾಕ್ತೀನಿ!”

“ನಿನ್ ಕೈಲಾಗಲ್ಲ ಬುಡು,” ಎಂದರು ಅವರು ಮರುಕದಿಂದ. “ಎಂಜಿನಿಯರೇ ಬರ್ದು ಕೊಡ್ತಾವ್ರಲ್ಲ.”