ಹಲ್ಲಿನ ಡಾಕ್ಟರನ್ನು ಪರೀಕ್ಷಿಸಲು ಹೋದದ್ದು

ಮಗಳು ವೀಣಾಳಿಗೆ ಬಂದಿರುವ ಸಂಬಂಧ ಹಲ್ಲಿನ ಡಾಕ್ಟರದು ಎಂದು ತಿಳಿದ ದಿನ ನಾನು ಊಟ ಅರ್ಧಕ್ಕೆ ಬಿಟ್ಟು ಎದ್ದೆ. ಆದವಾನಿ ಮಾರ್ಕೆಟ್ಟಿನಲ್ಲಿ ಹತ್ತಿ ವ್ಯಾಪಾರ ಮಾಡುವ ಮನೆತನ ನಮ್ಮದು. ಒಂದು ಹಿಡಿ ಹತ್ತಿ ಹಿಸುಕಿ, ತೂಕ ಹೆಚ್ಚಲೆಂದು ನೀರು ಚಿಮುಕಿಸಿದ್ದಾರೋ ಇಲ್ಲವೋ ಹೇಳಬಲ್ಲೆ. ಮನುಷ್ಯರನ್ನೂ ಹಾಗೆಯೇ ಅಳೆಯಬಲ್ಲೆ ಎಂದು ನಂಬಿದ್ದೆ.

“ಹೃದಯದ ಡಾಕ್ಟರ್ ಆಗಲಾರದವರು ಹಲ್ಲಿಗೆ ಬರ್ತಾರ,” ಎಂದೆ. “ದಿನಾ ಎದ್ದು ಮಂದಿ ಎಂಜಲ ಬಾಯಾಗ ಕೈ ಹಾಕೋ ಆಸೆ ಯಾರಿಗೆ ಇರತೈತಿ?”

“ಆ ಹುಡುಗ ದವಡಿ ಆಪರೇಷನ್ ಸೈತ ಮಾಡ್ತಾನಂತ್ರಿ. ಭಾಳ ಕರುಣಾ ಐತಂತ ಅವಗ,” ಎಂದಳು ಹೆಂಡತಿ ಗೌರಮ್ಮ.

“ಇಕ್ಕಳ ಹಿಡಿದವಗ ಎಂಥಾ ಕರುಣಾ?”

“ಅಪ್ಪಾ, ನನಗ ಅವರು ಒಪ್ಪಿಗಿ ಆಗ್ಯಾರ. ನೋಡದನ ಬೈಬ್ಯಾಡ,” ಎಂದಳು ವೀಣಾ.

ಸರಿ, ನೋಡೋಣ ಎಂದುಕೊಂಡೆ. ಆದರೆ ಹೆಣ್ಣಿನ ತಂದೆಯಾಗಿ ಹೋದರೆ ಯಾರಾದರೂ ನಯವಾಗಿಯೇ ಮಾತಾಡುತ್ತಾರೆ. ರೋಗಿಯ ವೇಷದಲ್ಲಿ ಹೋಗಿ ಬಣ್ಣ ಬಯಲು ಮಾಡಬೇಕು. ಮರುದಿನ ಅವನ ಕ್ಲಿನಿಕ್ಕಿರುವ ಎಮ್ಮಿಗನೂರಿನ ಬಸ್ಸು ಹತ್ತಿದೆ.

ಕ್ಲಿನಿಕ್ಕಿನ ಬೆಂಚಿನ ಮೇಲೆ ಒಬ್ಬ ಮುದುಕಿ ಕೆನ್ನೆ ಹಿಡಿದು ಅಳುತ್ತಿದ್ದಳು. ಡಾಕ್ಟರ್ ಹೊರಗೆ ಬಂದು ಅವಳೆದುರು ಕುಕ್ಕರಗಾಲಲ್ಲಿ ಕುಳಿತು, “ನೊಪ್ಪಿ ಉಂದಾ ಅವ್ವಾ?” ಎಂದು ತೆಲುಗಿನಲ್ಲಿ ನೋವು ವಿಚಾರಿಸಿ, ಅಳು ನಿಲ್ಲುವವರೆಗೆ ಕೈ ಹಿಡಿದುಕೊಂಡಿದ್ದ. ನಾಟಕ ಎಂದುಕೊಂಡೆ. ನಾವೂ ದರ ಹೇಳುವ ಮುಂಚೆ ರೈತರಿಗೆ ಚಹಾ ಕುಡಿಸುತ್ತೇವೆ.

ನನ್ನ ಸರದಿ ಬಂತು. ಹೆಸರು ಸುಳ್ಳು ಹೇಳಿದೆ. “ಯಾವ ಹಲ್ಲು ನೋಯ್ತೈತ್ರಿ?” ಎಂದ. ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಸಿಕ್ಕ ಹಲ್ಲಿಗೆ ಬೆರಳು ತೋರಿಸಿ, ಕುರ್ಚಿಯಲ್ಲಿ ಒರಗಿಕೊಂಡೇ ವಿಚಾರಣೆ ಶುರು ಮಾಡಿದೆ.

“ಇಷ್ಟು ಓದಿ ಈ ಕೆಲಸಾನ ಯಾಕ ಹಿಡಿದ್ರಿ? ಬ್ಯಾರೆ ಸಿಗಲಿಲ್ಲೇನು?”

ಅವನು ಸಿಟ್ಟಾಗಲಿಲ್ಲ. “ಓದುವಾಗ ಒಬ್ಬ ಮುದುಕ ಬಂದಿದ್ದರಿ. ದವಡಿ ಬಾತು ಬಾಯಿ ತೆರಿಯಾಕ ಬರ್ತಿದ್ದಿಲ್ಲ. ಆಪರೇಷನ್ ಆಗಿ ಸುಧಾರಿಸಿದ ಮ್ಯಾಲ ಅನ್ನ ಸಾರು ಕೇಳಿದ. ಅಂವ ಉಣ್ಣೋದು ನೋಡಿಕೋಂತ ನಿಂತೆ. ನನಗ ಇದ ಕೆಲಸ ಬೇಕು ಅನಿಸ್ತು. ಈಗ ಬಾಯಿ ಇನ್ನೊಂಚೂರು ತೆಗೀರಿ.”

ಒಳ್ಳೆಯ ಮಾತುಗಾರ ಎಂದು ಹಂಗಿಸಬೇಕೆನ್ನುವಷ್ಟರಲ್ಲಿ ಅವನ ಸಲಾಕೆ ಕಟ್ಟಕಡೆಯ ಹಲ್ಲಿಗೆ ತಾಗಿತು. ನನ್ನ ಚೀರಾಟ ಬಸ್‌ಸ್ಟ್ಯಾಂಡಿನವರೆಗೆ ಹೋಗಿರಬೇಕು.

“ಹಲ್ಲು ಅಡ್ಡ ಬೆಳೆದೈತ್ರಿ. ಹುಳುಕು ಬೇರಿನ ತನಕ ಇಳದೈತಿ. ಇವತ್ತ ತೆಗೆದ್ರ ಚಲೋ.”

ಸುಳ್ಳು ನೋವು ಹೊತ್ತು ಬಂದವನಿಗೆ ನಿಜವಾದದ್ದೇ ಗಂಟುಬಿದ್ದಿತ್ತು. “ನಾಳಿ ಬರ್ತೀನಿ,” ಎಂದು ಧಡಕ್ಕನೆ ಎದ್ದೆ. ತಲೆ ದೀಪಕ್ಕೆ ಬಡಿಯಿತು, ಮೊಣಕೈ ತಾಗಿ ತಟ್ಟೆ ಉರುಳಿತು, ಕಾಲು ಜಾರಿ ಮತ್ತೆ ಕುರ್ಚಿಗೇ ಬಿದ್ದೆ. ಸೂಜಿ ಕಂಡ ಕೂಡಲೇ ನನ್ನ ಬಾಯಿ ತಾನಾಗಿ ಮುಚ್ಚಿಕೊಂಡಿತು. ಅವನ ಬೆರಳು ಒಳಗಿತ್ತು.

ಬೇರೆ ಯಾರಾದರೂ ಆಗಿದ್ದರೆ ಕೆನ್ನೆಗೆ ಬಾರಿಸುತ್ತಿದ್ದರು. ಅವನು ಕೈ ತೊಳೆದು ಹೊಸ ಗವಸು ಹಾಕಿಕೊಂಡು, “ಅಂಜಿಕಿ ಆಗೋದು ತಪ್ಪಲ್ರಿ. ಅವಸರ ಇಲ್ಲ,” ಎಂದು ಪಕ್ಕದಲ್ಲಿ ಕುಳಿತ. ಸೂಜಿಯ ನಂತರ ದವಡೆ ಮರಗಟ್ಟುವವರೆಗೆ ನಾನು ಹಿಡಿದುಕೊಂಡಿದ್ದ ಕೈ ಅವನದೇ. ಮುದುಕಿ ಅತ್ತಿದ್ದಕ್ಕಿಂತ ನಾನು ಹೆಚ್ಚೇ ಅತ್ತೆ.

ಹಲ್ಲು ಕಿತ್ತು ಬಂತು. ಜೀವಮಾನವಿಡೀ ಹತ್ತಿ ಮಾರಿದವನ ಬಾಯಿ ಮುಚ್ಚಿಸಲು ಒಂದು ಉಂಡೆ ಹತ್ತಿ ಸಾಕಾಯಿತು.

“ಬಸ್ಸಿನ್ಯಾಗ ಒಬ್ಬರ ಹೋಗಬ್ಯಾಡ್ರಿ, ಮಾವಾರ,” ಎಂದ ಅವನು. “ಅತ್ತಿಯೋರಿಗೆ ಫೋನ್ ಮಾಡೀನಿ. ಕರ್ಕೊಂಡು ಹೋಗಾಕ ಬರಾಕತ್ಯಾರ.”

ಗೌರಮ್ಮ ಬಂದಳು. ಆಟೋದಲ್ಲಿ ಕೂತ ಮೇಲೆ ಗುಟ್ಟು ಹೇಳಿದಳು. ನಾನು ಮನೆ ಬಿಟ್ಟ ಕೂಡಲೇ, ಎಲ್ಲಿಗೆ ಹೊರಟೆನೆಂದು ಊಹಿಸಿ ವೀಣಾ ಆ ಹುಡುಗನಿಗೆ ನನ್ನ ಫೋಟೋ ಕಳಿಸಿ, ಅಪ್ಪ ಬಾಯಿಜೋರು, ಒಳಗೆ ಅಂಜುಬುರುಕ, ನೋಡಿಕೊಳ್ಳಿ ಎಂದಿದ್ದಳಂತೆ.

“ಮತ್ತ ಹುಡುಗ ಹೆಂಗನಸ್ತಾನರಿ?” ಎಂದಳು. ನಾನು ಕಣ್ಣೊರೆಸಿಕೊಂಡು ಒಪ್ಪಿಗೆಯೆಂದು ತಲೆ ಆಡಿಸಿದೆ.

“ನಮ್ಮ ಕಡಿ ಒಪ್ಪಿಗಿ ಮುಗೀತು. ಬೆರಳು ಕಚ್ಚೋ ಮಾವನ್ನ ಅವರ ಮನ್ಯಾಗ ಒಪ್ಪಬೇಕಲ್ರಿ,” ಎಂದಳು, ಅವನ ಬೆರಳಿನ ಮೇಲೆ ನನ್ನ ಹಲ್ಲಿನ ಗುರುತು ನೋಡಿದ್ದ ಗೌರಮ್ಮ.

ಅವರಿಂದ ಒಪ್ಪಿಗೆ ಬರುವವರೆಗೆ ನಾನು ಗಂಜಿ ಕುಡಿಯುತ್ತ ಫೋನಿನ ಪಕ್ಕದಲ್ಲೇ ಕುಳಿತಿದ್ದೆ.